ಹ್ಯಾಂಡಲ್ ಮೇಲಿನ ಕೈ

ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಎರಡು ಸಲ ಜಾಗ ಬದಲಿಸಿದೆ. ಮೊದಲನೆಯ ಸಲ ಅದನ್ನು ಸೊಂಟದ ಮಟ್ಟಕ್ಕೆ ಇಳಿಸಿ ಕಟ್ಟಿದವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಎರಡನೆಯ ಸಲ ಅದನ್ನು ಮತ್ತೆ ಮೇಲಕ್ಕೆ ಬಿಗಿಸಿದವಳು ನಾನು. ಈ ಎರಡು ಗಂಟುಗಳ ಹಿಂದೆ ಮುಂದೆ ಏನಾಯಿತು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾನಾದರೂ ಬರೆದಿಡಬೇಕು.

ಸಿಂಧನೂರಿನಲ್ಲಿ ನಮ್ಮದು ರೈಸ್ ಮಿಲ್ಲುಗಳ ಹಿಂದಿನ ಓಣಿ. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನಕ್ಕೆಲ್ಲ ಹೊಟ್ಟಿನ ಧೂಳು ಮತ್ತೆ ಕೂತಿರುತ್ತದೆ. ದಢೇಸುಗೂರಿನ ಕಡೆ ಕಾಲುವೆಯ ನೀರಿಗೆ ಬರುವ ಹೊಲ, ಊರೊಳಗೆ ಮನೆ, ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಸೊಸೆಯಂದಿರು, ಮೇಲೆ ನಮ್ಮ ಗಂಡಂದಿರ ತಾಯಿ, ಅತ್ತಿ. ನೆಗೆಣ್ಣಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳು ನನಗಿಂತ ಹನ್ನೆರಡು ವರ್ಷ ಮೊದಲು ಈ ಮನೆಗೆ ಬಂದವಳು. ನಾನು ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಗ್ಯಾಸ್ ಇತ್ತು. ಅವಳು ಬಂದಾಗ ಇದ್ದದ್ದು ಹೊಟ್ಟಿನ ಒಲೆ. ತಗಡಿನ ಒಲೆಗೆ ಭತ್ತದ ಹೊಟ್ಟನ್ನು ಗಿಡಿದು ತುಂಬಿ ಹೊತ್ತಿಸಿದರೆ ಅನ್ನ, ಸಾರು, ರೊಟ್ಟಿ, ಸ್ನಾನದ ನೀರು, ಎಮ್ಮೆಗೆ ಬೇಯಿಸುವ ಹುರುಳಿ, ಎಲ್ಲವೂ ಅದರ ಮೇಲೆಯೇ ಆಗಬೇಕು. ಹೊಟ್ಟು ಉರಿಯುವುದು ಕಡಿಮೆ, ಹೊಗೆಯಾಡುವುದು ಹೆಚ್ಚು. ಆ ಹೊಗೆಯನ್ನೆಲ್ಲ ಅವಳು ಕುಡಿದಳು, ಗ್ಯಾಸಿನ ಸುಖ ನನಗೆ ಬಂತು. ಇದನ್ನು ನಾನು ಈಗ ಬರೆಯುತ್ತಿದ್ದೇನೆ. ಆಗ ಯೋಚಿಸಲೂ ಇಲ್ಲ.

ಅಕ್ಕ ಕೆಲಸ ತಪ್ಪಿಸುತ್ತಾಳೆ ಎಂದು ನನಗೆ ಅನಿಸಲು ಶುರುವಾದದ್ದು ಸುಮಾರು ಒಂಬತ್ತು ವರ್ಷದ ಹಿಂದೆ. ದಿನದ ಕೆಲಸವನ್ನು ಕಣ್ಣಲ್ಲಿ ಇಟ್ಟುಕೊಳ್ಳುವುದು ನನ್ನ ಸ್ವಭಾವ. ಯಾರು ಏನು ಮಾಡಿದರು, ಏನು ಬಿಟ್ಟರು, ಯಾವ ಡಬ್ಬಿ ಎಲ್ಲಿಂದ ಎಲ್ಲಿಗೆ ಹೋಯಿತು, ನನಗೆ ಮರೆಯುವುದಿಲ್ಲ. ಅಕ್ಕ ಬಿಡುತ್ತಿದ್ದ ಕೆಲಸಗಳು ಹೀಗಿದ್ದವು: ಮೇಲಿನ ಹಲಗೆಯ ಮೇಲಿಟ್ಟ ಬೇಳೆಯ ಡಬ್ಬಿ ಇಳಿಸುವುದು, ಜೇಡರ ಬಲೆ ಹೊಡೆಯುವುದು, ದೇವರ ಪಟಕ್ಕೆ ಹೂವಿನ ಸರ ಹಾಕುವುದು, ಬಟ್ಟೆ ಒಣಹಾಕುವುದು. ಅಕ್ಕಿ ಆರಿಸು ಎಂದರೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಚೀಲ ಆರಿಸುವಳು. ಕೂತು ಕಾಯಿಪಲ್ಲೆ ಹೆಚ್ಚುವಳು, ಬಾಣಂತನಕ್ಕೆ ಬಂದ ನಾದಿನಿಯ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವಳು. ಕೈ ಹೆಗಲಿಗಿಂತ ಮೇಲೆ ಹೋಗಬೇಕಾದ ಕೆಲಸ ಬಂದಿತೆಂದರೆ ಮಾತ್ರ ಅವಳಿಗೆ ಬೇರೆ ಏನಾದರೂ ನೆನಪಾಗುತ್ತಿತ್ತು. ನನಗೆ ಕಂಡದ್ದು ಇಷ್ಟು: ಕೂತು ಮಾಡುವುದಾದರೆ ಸೈ, ನಿಂತು ಮಾಡುವುದಾದರೆ ದಣಿವು.

ದಣಿವು ಎಂಬುದನ್ನು ನಂಬುವುದಾದರೂ ಹೇಗೆ? ಅವಳು ದಿನಾ ಡೈರಿಗೆ ಹಾಲು ಹಾಕಲು ಹೋಗಿಬರುತ್ತಿದ್ದಳು. ಹೋಗಲು ಅರ್ಧ ತಾಸು, ಬರಲು ಅರ್ಧ ತಾಸು. ಭಾವನ, ಅಂದರೆ ಅವಳ ಗಂಡನ, ಹಳೆಯ ಸೈಕಲ್ ಒಂದಿತ್ತು. ಅಕ್ಕನಿಗೆ ಸೈಕಲ್ ಹೊಡೆಯಲು ಬಾರದು, ಆ ವಯಸ್ಸಿನಲ್ಲಿ ಕಲಿಯುವವಳೂ ಅಲ್ಲ. ಆದರೂ ಹಾಲಿನ ಕ್ಯಾನನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ, ಎರಡೂ ಕೈ ಹ್ಯಾಂಡಲ್ ಮೇಲೆ ಊರಿ, ತುಸು ಮುಂದಕ್ಕೆ ಬಾಗಿ ಅದನ್ನು ನಡೆಸಿಕೊಂಡು ಹೋಗುತ್ತಿದ್ದಳು. ಬರುವಾಗ ಕ್ಯಾನು ಖಾಲಿ, ಆಗಲೂ ಸೈಕಲ್ ಬೇಕು. ಬಸವಣ್ಣನ ಗುಡಿಗೆ ಹೋಗುವಾಗ ಕ್ಯಾನೇ ಇಲ್ಲ, ಆಗಲೂ ಸೈಕಲ್ ಬೇಕು. ಓಣಿಯ ಹೆಣ್ಣುಮಕ್ಕಳಿಗೆ ಇದು ದಿನದ ನಗೆ.

"ಏನ್ರೀ, ಸೈಕಲ್ ಮೇಯಿಸಾಕ ಹೊಂಟೀರೇನು?" ಎದುರುಮನೆಯವಳು ಕಸ ಹೊಡೆಯುತ್ತ ಕೇಳುವಳು.

"ಹೂಂ ಬೇ, ಇದಕ್ಕ ಹುಲ್ಲು ಬೇಡ, ನೀರು ಬೇಡ. ನಿನ್ನ ಗಂಡಗಿಂತ ಚೊಲೋ ಐತಿ," ಎಂದು ಅಕ್ಕ ನಿಲ್ಲದೆ ಹೋಗಿಬಿಡುವಳು. ಮಾತಾಡುತ್ತ ನಡೆದರೂ ಅವಳಿಗೆ ಏದುಸಿರು ಬರುತ್ತಿರಲಿಲ್ಲ. ಅದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮನೆಗೆ ಬಂದು ಹೆರಳು ಹಾಕಿಕೊಳ್ಳಲು ಎರಡೂ ಕೈ ತಲೆಯ ಹಿಂದಕ್ಕೆ ಒಯ್ದಳೆಂದರೆ ಮೂರು ಎಳೆ ತಿರುವುವಷ್ಟರಲ್ಲಿ ಬಾಯಿ ತೆರೆದು, ಕೈ ಇಳಿಬಿಟ್ಟು, ಗೋಡೆಗೆ ಒರಗುತ್ತಿದ್ದಳು. ಒಂದು ತಾಸು ನಡೆದು ಬಂದವಳಿಗೆ ಹೆರಳು ಹಾಕಿಕೊಳ್ಳಲು ಉಸಿರು ಸಾಲದು ಎಂದರೆ ಯಾರು ನಂಬುತ್ತಾರೆ?

ನಾನು ನಂಬಲಿಲ್ಲ. "ಅಕ್ಕಾ, ಡೈರಿ ಮುಂದ ಬರದ ತೇಕು ಕನ್ನಡಿ ಮುಂದ ಹೆಂಗ ಬರತೈತಿ?" ಎಂದು ಕೇಳಿಯೂಬಿಟ್ಟೆ. ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. "ನನಗೂ ಗೊತ್ತಿಲ್ಲ ತಂಗಿ. ಗೊತ್ತಿದ್ರ ನಿನಗ ಹೇಳತಿದ್ದೆ," ಎಂದಳು. ಅವಳ ಕೂದಲು ಸೊಂಟದ ಕೆಳಗಿತ್ತು. ಬಾ, ನಾ ಹಾಕತೀನಿ ಎಂದು ನಾನು ಒಂದು ದಿನವೂ ಅನ್ನಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆರಳನ್ನು ಹಾಕುತ್ತಿದ್ದವಳು ಅವಳೇ.

ನಮ್ಮ ಅತ್ತಿಯವರಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ನಮ್ಮಲ್ಲಿ ಹೆಣ್ಣು ಗಂಡೆನ್ನದೆ ಎಲ್ಲರೂ ಲಿಂಗಪೂಜೆ ಮಾಡುತ್ತಾರೆ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಡಗೈಯ ಮೇಲೆ ಲಿಂಗ ಇಟ್ಟುಕೊಂಡು, ಕೈಯನ್ನು ಎದೆಯ ಮುಂದೆ ಕಣ್ಣಿನ ಮಟ್ಟಕ್ಕೆ ಹಿಡಿದು ಕೂಡಬೇಕು. ಅತ್ತಿಯ ಕೈ ಎಪ್ಪತ್ತೈದರಲ್ಲೂ ಅಲುಗುವುದಿಲ್ಲ. ಅಕ್ಕನ ಕೈ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಕೊನೆಗೆ ಒಂದು ದಿನ ಅವಳು ರೊಟ್ಟಿ ಬಡಿಯುವ ಮಣೆಯನ್ನು ತೊಳೆದು ತಂದು, ನಿಲ್ಲಿಸಿಟ್ಟು, ಅದರ ಮೇಲೆ ಮೊಳಕೈ ಊರಿ ಪೂಜೆಗೆ ಕೂತಳು. ಅತ್ತಿ ತಮ್ಮ ಪೂಜೆ ಮುಗಿಸಿ ಲಿಂಗವನ್ನು ಕಟ್ಟಿಕೊಂಡರು. ಆಮೇಲೆ ಅಂದರು: "ಶಿವನ್ನ ಹಿಡಿಯೋ ಕೈಗೆ ಮಣಿ ಆಸರ ಬೇಕೇನಬೇ? ನಾಳಿ ಗಾದಿ ಹಾಸಲೇನು?"

"ಕೈ ಎತ್ತಿದ್ರ ಉಸಿರು ಸಿಗವಲ್ದು ಅತ್ತಿ. ಹಿಂಗ ಊರಿದ್ರ ಸಿಗತೈತಿ."

"ಉಸಿರು ಎದ್ಯಾಗ ಇರತೈತೋ ಮೊಳಕೈಯಾಗ ಇರತೈತೋ?"

ನಾನು ನಕ್ಕೆ. ಅತ್ತಿಯ ಮಾತು ಚುರುಕಾಗಿತ್ತು, ನಗು ತಾನಾಗಿ ಬಂತು. ಮರುದಿನದಿಂದ ಅಕ್ಕ ಎಲ್ಲರೂ ಎದ್ದು ಹೋದ ಮೇಲೆ ಒಬ್ಬಳೇ ಪೂಜೆಗೆ ಕೂಡತೊಡಗಿದಳು.

ಹಗ್ಗದ ಸಂಗತಿ ಇದಾದ ಮೇಲಿನದು. ಒಂದು ಬೇಸಿಗೆಯಲ್ಲಿ ಅಕ್ಕ ತಾನೇ ಹಗ್ಗದ ಗಂಟು ಬಿಚ್ಚಿ ಬೇವಿನ ಗಿಡದಿಂದ ಬಾತ್‌ರೂಮಿನ ಕಿಟಕಿಯ ಸರಳಿಗೆ ಸೊಂಟದ ಮಟ್ಟದಲ್ಲಿ ಕಟ್ಟಿದಳು. ಅಂದಿನಿಂದ ತನ್ನ ಬಟ್ಟೆ ಮಾತ್ರವಲ್ಲ, ಎಲ್ಲರ ಬಟ್ಟೆಯನ್ನೂ ಅವಳೇ ಒಣಹಾಕಿದಳು. ನನಗೆ ಅದು ಕಾಣಬೇಕಿತ್ತು. ಕಂಡದ್ದು ಬೇರೆ: ನನ್ನ ಸೀರೆಯ ಅಂಚು ನೆಲಕ್ಕೆ ತಾಗಿ ಮಣ್ಣಾಗುವುದು, ಎಮ್ಮೆಯ ಕರು ಟವೆಲ್ ಚೀಪುವುದು, ಮನೆಯವರೆಲ್ಲರ ಅನುಕೂಲವನ್ನು ಒಬ್ಬಳು ತನ್ನ ಸೋಮಾರಿತನದ ಮಟ್ಟಕ್ಕೆ ಇಳಿಸಿದ್ದು. ಹದಿನೈದು ದಿನ ತಡೆದೆ. ಆಮೇಲೆ ಅವಳು ಡೈರಿಗೆ ಹೋದಾಗ ಸ್ಟೂಲ್ ಹಾಕಿಕೊಂಡು ಹಗ್ಗವನ್ನು ಮೊದಲಿಗಿಂತ ಒಂದು ಗೇಣು ಮೇಲಕ್ಕೇ ಬಿಗಿದೆ. ಆ ಒಂದು ಗೇಣು ಬಟ್ಟೆಗೆ ಬೇಕಿರಲಿಲ್ಲ.

ಅಕ್ಕ ಬಂದು ನೋಡಿದಳು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಒದ್ದೆ ಬಟ್ಟೆಯನ್ನು ಒಂದೊಂದಾಗಿ ಅದರ ಹ್ಯಾಂಡಲ್ ಮೇಲೆ, ಸೀಟಿನ ಮೇಲೆ, ಕ್ಯಾರಿಯರಿನ ಮೇಲೆ ಹರವಿದಳು.

ಆ ವರ್ಷ ಮಹಾನವಮಿಗೆ ಮುಂಚೆ ಕೌದಿ ಒಗೆಯುವ ದಿನ ಬಂತು. ವರ್ಷಕ್ಕೊಮ್ಮೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಕಾಲುವೆಗೆ ಹೋಗಿ ಒಗೆದು ತರುವುದು ನಮ್ಮ ಕಡೆಯ ರೂಢಿ. ನಾವೆಲ್ಲ ಕಲ್ಲಿಗೆ ಎತ್ತಿ ಬಡಿದರೆ ಅಕ್ಕ ಸೋಪಿನ ನೀರಲ್ಲಿ ಕೌದಿ ಹಾಸಿ, ಕಲ್ಲಿನ ಮೇಲೆ ಕೈ ಊರಿ, ಕಾಲಿನಿಂದ ತುಳಿದಳು. ನಮ್ಮೊಂದಿಗೆ ಬಂದಿದ್ದ ನಾದಿನಿ ಅಕ್ಕನ ಕಡೆ ಬೆರಳು ಮಾಡಿ, "ವೈನಿ ದ್ರಾಕ್ಷಿ ತುಳ್ಯಾಕತ್ತ್ಯಾರ," ಎಂದಳು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಕಾಲಿನಿಂದ ತುಳಿದು ಅವಳು ನಮ್ಮೆಲ್ಲರಿಗಿಂತ ಎರಡು ಕೌದಿ ಹೆಚ್ಚಿಗೆ ಒಗೆದಿದ್ದಳು.

ಮನೆಗೆ ಬಂದ ಮೇಲೆ ಅತ್ತಿ ಹಿತ್ತಲಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. "ಹಿರೇ ಸೊಸಿ ಹಾಕಲಿ. ಕಣ್ಣಾರೆ ನೋಡತೀನಿ," ಎಂದರು. ಒದ್ದೆ ಕೌದಿಯ ಭಾರ ಎಷ್ಟೆಂಬುದು ಎತ್ತಿದವರಿಗೇ ಗೊತ್ತು. ಅಕ್ಕ ಮೊದಲನೆಯದನ್ನು ಎತ್ತಿ ಹಗ್ಗದ ಮೇಲೆ ಎಸೆದಳು. ಅದು ಜಾರಿತು. ಮತ್ತೆ ಎಸೆದಳು. ಎರಡೂ ಕೈ ಮೇಲೆತ್ತಿ ಅಂಚನ್ನು ಎಳೆಯುತ್ತ ನಿಂತಳು. ಎರಡನೆಯ ಕೌದಿಗೆ ಅವಳ ತುಟಿಯ ಬಣ್ಣ ಬದಲಾಯಿತು. ಮೂರನೆಯದನ್ನು ಬಿಟ್ಟು, ಅಲ್ಲೇ ಮಣ್ಣಿನಲ್ಲಿ ಕೂತು, ಎರಡೂ ಮೊಳಕೈಯನ್ನು ಮೊಣಕಾಲಿನ ಮೇಲೆ ಊರಿ, ಕುತ್ತಿಗೆ ಮುಂದೆ ಚಾಚಿ ಉಸಿರನ್ನು ಹುಡುಕತೊಡಗಿದಳು. ಕೊರಳಿನ ನರಗಳು ಹಗ್ಗದಂತೆ ಎದ್ದಿದ್ದವು.

"ಹಂಗ ಮೊಣಕಾಲಿಗೆ ಕೈ ಕೊಟ್ಟು ಕುಂದ್ರಬ್ಯಾಡ, ಸತ್ತ ಮನಿಯಾಗ ಕುಂತಂಗ," ಎಂದು ಅತ್ತಿ ಕುರ್ಚಿಯಿಂದಲೇ ಅಂದರು. "ಏ ಸಣ್ಣಾಕಿ, ಅಕಿ ಕೈ ತಗದು ಮ್ಯಾಲ ಎತ್ತಬೇ. ನೆತ್ತಿಗೇರಿದ್ರ ಕೂಸಿಗೆ ಎತ್ತಲ್ಲೇನು ಹಂಗ."

ನಮ್ಮ ಮನೆಗಳಲ್ಲಿ ಕೂಸಿಗೆ ಅನ್ನ ನೆತ್ತಿಗೇರಿದರೆ ಎರಡೂ ಕೈ ಮೇಲೆತ್ತಿ ಹಿಡಿದು ಬೆನ್ನು ತಟ್ಟುತ್ತೇವೆ. ಅದೊಂದೇ ನಮಗೆ ಗೊತ್ತಿದ್ದ ಮದ್ದು. ನಾನು ಅಕ್ಕನ ಕೈಗಳನ್ನು ಅವಳ ಮೊಣಕಾಲಿನಿಂದ ಬಿಡಿಸಿದೆ. ಅವಳು ಬಿಡಲೊಲ್ಲದೆ ಗಟ್ಟಿಯಾಗಿ ಊರಿದಳು. ಎಳೆದು ಎರಡೂ ಮಣಿಕಟ್ಟು ಹಿಡಿದು ಅವಳ ತಲೆಯ ಮೇಲೆ ಎತ್ತಿದೆ. ಮಾತು ಹೊರಡದ ಬಾಯಿಂದ ಅವಳು "ಬಿಡು" ಎಂದಳು. ಬಿಡಲಿಲ್ಲ. ಒಳ್ಳೆಯದಾಗಲಿ ಎಂದೇ ಹಿಡಿದಿದ್ದೆ. ಅವಳ ಕಣ್ಣು ಮೇಲಾದಾಗ ಹೆದರಿ ಕೈಬಿಟ್ಟೆ. ಕೈ ಕೆಳಗೆ ಬಂದದ್ದೇ ಅವಳು ತೊಟ್ಟಿಯ ಅಂಚನ್ನು ಹಿಡಿದು ಬಾಗಿದಳು. ಒಂದು ಗಳಿಗೆಗೆ ಉಸಿರು ಬಂತು.

ಅತ್ತಿ ಒಳಗೆ ಹೋಗುತ್ತ "ನಾಟಕ" ಎಂದರು. ಎರಡು ದಿನದ ಮೇಲೆ ಭಾವ ಅಕ್ಕನನ್ನು ಮಸ್ಕಿಗೆ, ಅವಳ ತವರಿಗೆ ಕಳಿಸಿದರು. ಹವಾ ಬದಲಾಗಲಿ ಎಂದು ಓಣಿಗೆ ಹೇಳಿದೆವು. ಅದೇ ವಾರ ಸೈಕಲ್ ಗುಜರಿಯವನ ಗಾಡಿ ಏರಿತು. ಹಿತ್ತಲಲ್ಲಿ ಅಡ್ಡ ಆಗುತ್ತಿತ್ತು.

ಅವಳ ತಮ್ಮ ಮಸ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ ಸಂಜೆ ಮಿರ್ಚಿ ಭಜಿಯ ತಳ್ಳುಗಾಡಿ ನಡೆಸುತ್ತಾನೆ. ಅವನೇ ಫೋನ್ ಮಾಡಿ, ಲಿಂಗಸೂಗೂರಿನ ಒಂದು ದವಾಖಾನೆಯಲ್ಲಿ ಎದೆಯ ಡಾಕ್ಟರು ಬರುತ್ತಾರೆ, ತೋರಿಸುತ್ತೇನೆ, ನಿಮ್ಮ ಮನೆಯಿಂದ ಯಾರಾದರೂ ಬಂದರೆ ಚೊಲೋ ಎಂದ. ಎರಡನೆಯ ಬೆಳೆಯ ನಾಟಿಯ ದಿನಗಳು. ಭಾವನಿಗೆ ಪುರುಸೊತ್ತಿಲ್ಲ. ನಾನು ಹೋದೆ. ಬಸ್ಸು ಮಸ್ಕಿಯಲ್ಲಿ ನಿಂತಾಗ ಅಕ್ಕ ಹತ್ತಿದಳು. ಮೇಲಿನ ಸರಳು ಹಿಡಿಯದೆ ಎರಡು ಸೀಟುಗಳ ಬೆನ್ನಿಗೆ ಕೈ ಊರಿ ಒಳಗೆ ಬಂದು ನನ್ನ ಪಕ್ಕ ಕೂತಳು. "ಎಮ್ಮಿ ಹಾಲು ಯಾರು ಹಾಕ್ತಾರ?" ಎಂದು ಕೇಳಿದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಒಂದು ಕೊಳವೆಯಲ್ಲಿ ಅಕ್ಕನಿಂದ ಊದಿಸಿದರು. ಮೂರು ಸಲ ಊದಿಸಿ ಮುಖ ಸಣ್ಣದು ಮಾಡಿದರು. ಆಮೇಲೆ ಕೇಳಿದರು: "ಯಾವ ಕೆಲಸ ಮಾಡಿದ್ರ ಜಾಸ್ತಿ ತೇಕು ಬರತೈತಿ ಅವ್ವಾರ?"

ಅಕ್ಕ ನನ್ನ ಕಡೆ ನೋಡಿ, ತಪ್ಪು ಒಪ್ಪಿಕೊಳ್ಳುವವಳ ಹಾಗೆ, "ಹೆರಳು ಹಾಕ್ಕೊಂಡ್ರ," ಎಂದಳು.

ನಾನು ಡಾಕ್ಟರು ನಗುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ. ಬೆರಳಿಗೆ ಕ್ಲಿಪ್ ಹಾಕಿ, "ಎರಡೂ ಕೈ ಮ್ಯಾಲ ಎತ್ತಿ ಹಿಡೀರಿ, ಮ್ಯಾಲಿಂದ ಡಬ್ಬಿ ಇಳಿಸಿದಂಗ," ಎಂದರು. ಅರ್ಧ ನಿಮಿಷವಾಗಿರಲಿಕ್ಕಿಲ್ಲ. ಅಕ್ಕನ ಎದೆ ಪುಟ್ಟ ಪುಟ್ಟದಾಗಿ ಹಾರತೊಡಗಿತು. "ಸಾಕು, ಈಗ ಈ ಟೇಬಲ್ ಮ್ಯಾಲ ಮೊಳಕೈ ಊರಿ ಮುಂದಕ್ಕ ಬಾಗ್ರಿ." ಅವಳು ಬಾಗಿದಳು. ನೋಡುತ್ತ ನೋಡುತ್ತ ಹೆಗಲು ಇಳಿಯಿತು, ಉಸಿರು ಉದ್ದವಾಯಿತು. ಒಂಬತ್ತು ವರ್ಷ ನಾನು ಆ ಭಂಗಿಯನ್ನು ನೋಡಿದ್ದೆ. ಕಟ್ಟೆಯ ಮೇಲೆ, ತೊಟ್ಟಿಯ ಅಂಚಿನ ಮೇಲೆ, ಮಣೆಯ ಮೇಲೆ, ಸೈಕಲ್ಲಿನ ಹ್ಯಾಂಡಲ್ ಮೇಲೆ.

ಡಾಕ್ಟರು ನನಗೆ ತಿಳಿಸಿ ಹೇಳಿದರು. ಹೊಗೆಯಿಂದ ಪುಪ್ಪುಸ ಕೆಟ್ಟವರಿಗೆ ಎದೆಯ ಬಲ ಒಂದೇ ಸಾಲುವುದಿಲ್ಲವಂತೆ, ಕುತ್ತಿಗೆಯ ಮತ್ತು ಹೆಗಲಿನ ಸ್ನಾಯುಗಳೂ ಸೇರಿ ಉಸಿರನ್ನು ಎಳೆಯಬೇಕಂತೆ. "ಕೈ ಮ್ಯಾಲೆತ್ತಿದ್ರ ಅವು ಕೈ ಹಿಡಿಯೋ ಕೆಲಸಕ್ಕ ಹೋಗ್ತಾವ್ರಿ. ಉಸಿರಿಗೆ ಯಾರೂ ಉಳಿಯಂಗಿಲ್ಲ. ಕೈ ಎಲ್ಲ್ಯಾರ ಊರಿದ್ರ ಅವು ಮತ್ತ ಎದಿ ಕೆಲಸಕ್ಕ ಬರ್ತಾವ. ಅದಕ್ಕ ಇವರು ನಡೀಬಲ್ಲರು, ಹೆರಳು ಹಾಕ್ಕೊಳ್ಳಾರರು." ಆಮೇಲೆ ಔಷಧದ ಚೀಟಿ ಬರೆಯುತ್ತ ಕೇಳಿದರು: "ಮನಿಯಾಗ ಮ್ಯಾಲಿನ ಕೆಲಸ, ಬಟ್ಟಿ ಒಣಹಾಕೋದು ಅದು ಇದು, ಯಾರು ಮಾಡ್ತಾರ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಟೇಬಲ್ಲಿನಿಂದ ತಲೆಯೆತ್ತದೆ, "ಈಕಿ ಮಾಡ್ತಾಳ್ರಿ, ನಮ್ಮ ತಂಗಿ. ನನಗ ಮುಟ್ಟಗೊಡಂಗಿಲ್ಲ," ಎಂದಳು.

"ನಸೀಬ ಮಾಡೀರಿ," ಎಂದರು ಡಾಕ್ಟರು.

ಬರುವಾಗ ಬಸ್ಸಿನಲ್ಲಿ ನಾನು ಅವಳನ್ನು ಬೈದಿದ್ದರೂ ಅವಳು ನನ್ನನ್ನು ಬೈದಿದ್ದರೂ ಹಗುರಾಗುತ್ತಿತ್ತು. ಅವಳು ಮುಂದಿನ ಸೀಟಿನ ಬೆನ್ನಿಗೆ ಕೈ ಊರಿ ನಿದ್ದೆ ಹೋಗಿದ್ದಳು.

ಅವಳನ್ನು ಮಸ್ಕಿಯಲ್ಲಿ ಇಳಿಸಿ, ಮನೆಗೆ ಬಂದು ಎಲ್ಲ ಹೇಳಿದೆ. ಡಾಕ್ಟರು ಮಾಡಿಸಿದ ಹಾಗೆಯೇ ನನ್ನ ಕೈ ಎತ್ತಿ ತೋರಿಸಿದೆ, ಊರಿ ತೋರಿಸಿದೆ. ಅತ್ತಿ ಎಲ್ಲ ಕೇಳಿ, "ನಾನೂ ಅದ ಹೊಗಿ ಕುಡದೀನಿ, ನನ್ನ ಕೈ ನೆಟ್ಟಗ ಐತಲ್ಲ," ಎಂದರು. ಭಾವ ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮಸ್ಕಿಗೆ ಹೋಗಿಬಂದ ನೆಂಟನೊಬ್ಬ, ನಿಮ್ಮ ಹಿರಿಯ ಸೊಸೆ ಬಜಾರಿನಲ್ಲಿ ಭಜಿಯ ಗಾಡಿ ತಳ್ಳಿಕೊಂಡು ಹೋಗುತ್ತಿದ್ದಳು ಎಂದು ಹೇಳಿಹೋದ.

"ಕೇಳಿದೇನು?" ಅತ್ತಿ ನನ್ನನ್ನು ಕರೆದರು. "ಮನಿಯಾಗ ಒಂದು ಕೌದಿ ಎತ್ತಾಕ ಉಸಿರಿಲ್ಲ. ಬಜಾರ್‌ನಾಗ ಬಂಡಿ ಎಳ್ಯಾಕ ಉಸಿರೈತಿ. ಈಗೇನಂತಾಳ ನಿಮ್ಮ ಡಾಕ್ಟರು?"

ಗಾಡಿಯ ಕಟ್ಟಿಗೆಯ ಹಿಡಿಕೆ ಸೊಂಟದ ಮಟ್ಟಕ್ಕಿರುತ್ತದೆ, ಅದರ ಮೇಲೆ ಕೈ ಊರಿ ಬಾಗಿ ನಡೆದರೆ ಅವಳಿಗೆ ಸೈಕಲ್ಲಿನಂತೆಯೇ ಉಸಿರು ಸಿಗುತ್ತದೆ ಎಂದು ಹೇಳಿದೆ. ಅತ್ತಿ ನನ್ನನ್ನು ನೋಡಿದ ನೋಟ ನನಗೆ ಗುರುತಿತ್ತು. ಅಕ್ಕನನ್ನು ನಾನು ಅಷ್ಟು ವರ್ಷ ನೋಡಿದ್ದು ಹಾಗೆಯೇ. ಅವಳಿಗೆ ಬದುಕು ಕೊಡುವ ಭಂಗಿಯೇ ಅವಳ ಮೇಲಿನ ಸಾಕ್ಷಿಯಾಯಿತು. ಕರೆತರುವ ಮಾತನ್ನು ಭಾವ ಆಮೇಲೆ ಎತ್ತಲೇ ಇಲ್ಲ.

ಯಾರೂ ಹೋಗದಿದ್ದಾಗ ನಾನೇ ಹೋದೆ. ಮರುವರ್ಷ ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ. ಅಕ್ಕ ತಮ್ಮನ ಮನೆಯ ಅಂಗಳದಲ್ಲಿ ಮೆಣಸಿನಕಾಯಿ ಸೀಳುತ್ತ ಕೂತಿದ್ದಳು. ಅವಳ ತಲೆ ನೋಡಿ ನನಗೆ ಮೊದಲು ಗುರುತು ಹತ್ತಲಿಲ್ಲ. ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು.

"ದಿನಾ ಯಾರಿಗೆ ಹಾಕಂತ ಕೇಳಲಿ," ಎಂದಳು, ನಾನು ಕೇಳುವ ಮೊದಲೇ. "ಹಗುರ ಆಗೈತಿ. ಚಾ ಕುಡಿ."

ಚಹಾ ಕುಡಿದು, ನಡಿ ಅಕ್ಕಾ ಮನೆಗೆ ಎಂದೆ. ಹೆರಳಿನ ಮಾತು ಬಿಡು, ಮೇಲಿನ ಕೆಲಸ ಎಲ್ಲ ನಾನು ಮಾಡುತ್ತೇನೆ ಎಂದೆ. ಅವಳು ಇನ್ನೊಂದು ಮೆಣಸಿನಕಾಯಿ ಸೀಳಿ ಪುಟ್ಟಿಗೆ ಹಾಕಿದಳು.

"ಅತ್ತಿ ಕರದಾರೇನು?"

"ಇಲ್ಲ."

"ಅವರು?"

ಅವರು ಎಂದರೆ ಭಾವ. ನಾನು ತಲೆ ಅಲ್ಲಾಡಿಸಿದೆ.

"ನನ್ನ ಸೈಕಲ್ಲರ ಐತೇನು?"

ಅದಕ್ಕೂ ನನ್ನ ಹತ್ತಿರ ಅದೇ ಉತ್ತರ ಇತ್ತು. ಅವಳು ಸಿಟ್ಟಾಗಲಿಲ್ಲ. ಅಂಗಳದ ಆ ತುದಿಗೆ ಕಣ್ಣು ಮಾಡಿ ತೋರಿಸಿದಳು. ಎರಡು ಗೂಟದ ನಡುವೆ ಸೊಂಟದ ಮಟ್ಟಕ್ಕೆ ಕಟ್ಟಿದ ಹಗ್ಗದಲ್ಲಿ ಮನೆಯವರೆಲ್ಲರ ಬಟ್ಟೆ ಒಣಗುತ್ತಿತ್ತು. "ಇಲ್ಲಿ ಹಗ್ಗ ಕೆಳಗ ಐತಿ ತಂಗಿ. ನಾ ಕೇಳಿರಲಿಲ್ಲ. ತಮ್ಮನ ಹೆಂಡತಿ ತಾನ ನೋಡಿ ಕಟ್ಟಿದ್ಲು."

ನಾನು ಎದ್ದೆ. ಗಾಡಿ ಬಸ್‌ಸ್ಟ್ಯಾಂಡಿಗೆ ಹೋಗುವ ಹೊತ್ತಾಗಿತ್ತು. ತಮ್ಮ ಬಾಣಲೆಯನ್ನೂ ಸಿಲಿಂಡರನ್ನೂ ಬೈಕಿನಲ್ಲಿ ಒಯ್ದಿದ್ದ, ಗಾಡಿ ಮಾತ್ರ ಉಳಿದಿತ್ತು. ಅಕ್ಕ ಹಿಡಿಕೆಯ ಮೇಲೆ ಎರಡೂ ಮುಂಗೈ ಊರಿ ತಳ್ಳುತ್ತ ನನ್ನ ಜೊತೆ ಬಂದಳು. ಕರುವಿಗೆ ಈಗ ಟವೆಲ್ ಸಿಗುತ್ತದೋ ಇಲ್ಲವೋ, ನಾದಿನಿಯ ಕೂಸಿಗೆ ಹಲ್ಲು ಬಂದವೋ, ಎದುರುಮನೆಯವಳ ಗಂಡ ಕೆಲಸಕ್ಕೆ ಹೋಗುತ್ತಾನೋ ಎಂದು ಕೇಳುತ್ತ ಕೇಳುತ್ತ ನಡೆದಳು. ಉಸಿರು ಎಲ್ಲೂ ಕಡಿಯಲಿಲ್ಲ. ನನಗೇ ಹೆಜ್ಜೆ ಹಾಕಲು ಕಷ್ಟವಾಯಿತು.

ಸಿಂಧನೂರಿನ ಬಸ್ಸು ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಟಾಗ ಕೈ ಹೊರಹಾಕಿ ಬೀಸಿದೆ. ಅಕ್ಕ ಹಿಡಿಕೆಯ ಮೇಲೆ ಬಾಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕೈ ಎತ್ತಲಿಲ್ಲ. ಹಿಡಿಕೆಯ ಮೇಲೆ ಊರಿದ ಕೈಯ ನಾಲ್ಕು ಬೆರಳು ಮಾತ್ರ ಮೇಲೆದ್ದು ಮತ್ತೆ ಕೆಳಗಿಳಿದವು.

ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ತರಕಾರಿಯ ಚೀಲ ಇಟ್ಟುಕೊಂಡು, ಇದನ್ನೆಲ್ಲ ನೋಡುತ್ತಿದ್ದಳು.

"ನಿಮ್ಮಕ್ಕಾರೇನ್ರಿ? ಎಷ್ಟು ಸೊಕ್ಕು ನೋಡ್ರಿ. ನೀವು ಅಷ್ಟು ಕೈ ಬೀಸಿದ್ರಿ, ಆಕಿ ಒಂದು ಕೈ ಸೈತ ಎತ್ತಲಿಲ್ಲ."

"ಹೌದ್ರಿ," ಎಂದೆ. "ನಾನೂ ಒಂಬತ್ತು ವರ್ಷ ಹಂಗ ಅನಕೊಂಡಿದ್ದೆ."

ಅವಳು ಮುಂದಿನದನ್ನು ಕೇಳಲು ನನ್ನ ಕಡೆ ತಿರುಗಿ ಕೂತಳು. ಸಿಂಧನೂರಿನ ತನಕ ಹೊತ್ತು ಇತ್ತು. ನಾನು ಮುಂದಿನ ಸೀಟಿನ ಬೆನ್ನಿಗೆ ಎರಡೂ ಕೈ ಊರಿ ಕಣ್ಣು ಮುಚ್ಚಿದೆ.